ಅಡಿಕೆ ಪರಿಮಳದ ಹಳೆಯ ಚಹಾ: ಮಲೆನಾಡಿನ ಮನೆಯಲ್ಲಿ ಲಿಯುಬಾವ್ ಮತ್ತು ಪೂಅರ್

ಹಳೆಯ ಚೀನೀ ಚಹಾ ಕೊಳ್ಳಬೇಕೆಂದಿರುವ ಮಲೆನಾಡಿನವರಿಗೆ ನಾನು ಹೇಳುವುದಿಷ್ಟು. ಮೊದಲು ಲಿಯುಬಾವ್ ತರಿಸಿ, ಆಮೇಲೆ ಪೂಅರ್; ಎರಡೂ ಇಟ್ಟಷ್ಟೂ ಮಾಗುವ ಚಹಾಗಳು. ಎರಡರಲ್ಲಿಯೂ ವಯಸ್ಸಿಗೆಂದು ದುಡ್ಡು ಸುರಿಯಬೇಡಿ. ಎಲೆ ಚೆನ್ನಾಗಿದೆಯೇ, ಅದನ್ನು ಇಟ್ಟಿದ್ದ ಜಾಗ ಶುದ್ಧವಾಗಿತ್ತೇ ಎಂಬುದನ್ನು ಮೂಗಿನಿಂದ ಪರೀಕ್ಷಿಸಿ ಕೊಳ್ಳಿ. ಅದಕ್ಕೆ ವಯಸ್ಸಾಗಿಸುವ ಕೆಲಸವನ್ನು ನಿಮ್ಮ ಮನೆಯೇ ಮಾಡುತ್ತದೆ. ಕಾಯುವವರು ಎಚ್ಚರವಾಗಿದ್ದರೆ ನಮ್ಮ ಮಳೆ, ನಮ್ಮ ಸೆಖೆ ಎರಡೂ ಆ ಕೆಲಸಕ್ಕೆ ಒದಗುತ್ತವೆ.

ಇಷ್ಟು ಗಟ್ಟಿಯಾಗಿ ಹೇಳುವ ಧೈರ್ಯ ನನಗೆ ಅಡಿಕೆಯಿಂದ ಬಂದಿದೆ. ಮದುವೆಯಾಗಿ ತೀರ್ಥಹಳ್ಳಿ ತಾಲ್ಲೂಕಿಗೆ ಬಂದಾಗಿನಿಂದ ಪ್ರತಿ ಕೊಯ್ಲಿಗೂ ಅಡಿಕೆ ಬೇಯಿಸುವ ಹಂಡೆಯ ಮುಂದೆ ನಿಂತಿದ್ದೇನೆ. ಸುಲಿದ ಹಸಿ ಅಡಿಕೆ ಚೊಗರಿನಲ್ಲಿ, ಅಂದರೆ ಅಡಿಕೆ ಬೆಂದು ಬಿಟ್ಟ ಒಗರು ರಸದಲ್ಲಿ, ಕುದಿಯುವಾಗ ಏಳುವ ಆವಿಗೆ ಒಂದು ವಾಸನೆ. ಚಪ್ಪರದ ಮೇಲೆ ಹರವಿ ನಾಲ್ಕು ಬಿಸಿಲು ಕಂಡ ಅಡಿಕೆಗೆ ಇನ್ನೊಂದು. ಚೀಲ ಕಟ್ಟಿಟ್ಟು, ಒಂದು ಮಳೆಗಾಲ ಕಳೆದು ಬಿಚ್ಚಿದಾಗ ಬರುವುದು ಬೇರೆಯೇ. ತವರುಮನೆ ಸಾಗರದ ಕಡೆ. ಅಲ್ಲಿ ನಮ್ಮ ತಂದೆ ಹಣ್ಣಡಿಕೆಯನ್ನು ಸಿಪ್ಪೆಸಹಿತ ವಾರಗಟ್ಟಲೆ ಒಣಗಿಸಿ ಚಾಲಿ ಮಾಡುತ್ತಿದ್ದರು. ಹಾಗಾಗಿ ಬೇಯಿಸಿದ ಕೆಂಪಡಿಕೆ ಯಾವುದು, ಚಾಲಿ ಯಾವುದು ಎಂಬುದು ನನಗೆ ಕಣ್ಣು ಮುಚ್ಚಿದರೂ ತಿಳಿಯುತ್ತದೆ. ಶಿವಮೊಗ್ಗದ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ದರ್ಜೆ ಮಾಡುವವರು ಕಣ್ಣಿನಿಂದ ಮಾಡುತ್ತಾರೆ. ಬೂಷ್ಟು ಹಿಡಿದ ಚೀಲವನ್ನು ಮಾತ್ರ ಅವರೂ ಮೂಗಿನಿಂದಲೇ ಪತ್ತೆ ಮಾಡುತ್ತಾರೆ.

ನನ್ನ ತಮ್ಮನ ಮಗ ಮಲೇಷ್ಯಾದ ಇಪೋ ನಗರದಲ್ಲಿ ಕೆಲಸದಲ್ಲಿದ್ದಾನೆ. ಊರಿಗೆ ಬಂದವನು “ಅತ್ತೆ, ಇದನ್ನೊಮ್ಮೆ ಮೂಸಿ ನೋಡಿ” ಎಂದು ಒಂದು ರಟ್ಟಿನ ಡಬ್ಬಿ ಕೈಗಿಟ್ಟ. ಒಳಗಿದ್ದದ್ದು ಚೀನಾದ ವೂಝೌ ಚಹಾ ಕಾರ್ಖಾನೆಯ ಮೂರು ಕೊಕ್ಕರೆ ಗುರುತಿನ ಬಿಡಿ ಲಿಯುಬಾವ್, ಮೇಲೆ 2013ರ ಇಸವಿ. ಅದು ಮುಗಿಯುತ್ತ ಬಂದಾಗ ಬೆಂಗಳೂರಿನ ಅಂಗಡಿಯೊಂದರಿಂದ ಅಂಚೆಯಲ್ಲಿ ಮೆಂಗ್‌ಹಾಯ್ ಕಾರ್ಖಾನೆಯ 7572 ಎಂಬ, ಎಲೆ ಅದುಮಿ ಮಾಡಿದ ಪೂಅರ್ ಬಿಲ್ಲೆಯನ್ನು ತರಿಸಿದೆ. ಮತ್ತೊಂದು ಕಡೆಯಿಂದ, ಬಹಳ ಹಳೆಯದೆಂದು ಮಾರುತ್ತಿದ್ದ ಪೂಅರ್ ಚೂರುಗಳನ್ನೂ ತರಿಸಿದೆ. ಈ ಮೂರನ್ನೂ ಒಂದು ಮಳೆಗಾಲದಲ್ಲಿ ಕುಡಿದು ನೋಡಿ ಬರೆಯುತ್ತಿದ್ದೇನೆ.

ಮೊದಲು ಲಿಯುಬಾವ್. ಸಣ್ಣ ಸುರುಳಿಯ, ಕಪ್ಪುಗಂದು ಎಲೆ; ನಡುನಡುವೆ ಕಡ್ಡಿ. ಕಡ್ಡಿ ಕಂಡ ಕೂಡಲೇ ಕಳಪೆ ಮಾಲೆಂದು ತೀರ್ಮಾನಿಸಬೇಡಿ, ರುಚಿಗೆ ಸಿಹಿ ಕೊಡುವುದರಲ್ಲಿ ಅದರ ಪಾಲೂ ಇದೆ. ಒಮ್ಮೆ ಕುದಿನೀರು ಹೊಯ್ದು ತೊಳೆದು ಚೆಲ್ಲಿ, ಮತ್ತೆ ಹೊಯ್ದು ಹತ್ತು ಎಣಿಸುವಷ್ಟರಲ್ಲಿ ಸೋಸಿದರೆ ಲೋಟದಲ್ಲಿ ದಟ್ಟ ಕೆಂಪು, ಅಂಚಿನಲ್ಲಿ ಮಾತ್ರ ತೆಳು ಕಿತ್ತಳೆ. ಚೊಗರು ನಾಲಿಗೆಗೆ ತಾಗಿದವರಿಗೆ ಒಗರು ಎಂದರೆ ಏನೆಂದು ಗೊತ್ತು. ಇದರಲ್ಲಿ ಆ ಒಗರು ಲವಲೇಶವೂ ಇಲ್ಲ, ಕಹಿಯೂ ಇಲ್ಲ. ನಾಲಿಗೆಯ ಮೇಲೆ ಭಾರವಾಗಿ, ನುಣ್ಣಗೆ ಇಳಿಯುತ್ತದೆ. ಮೊದಲ ಲೋಟದಲ್ಲಿ ಒದ್ದೆ ಮಣ್ಣಿನ, ಹಳೆಯ ಮರದ ವಾಸನೆ ಮುಂದಿರುತ್ತದೆ. ಎರಡನೆಯದರಲ್ಲಿ ಅದು ಹಿಂದೆ ಸರಿದು ಸಿಹಿ ಮೇಲೇಳುತ್ತದೆ. ಲಿಯುಬಾವ್ ಕೆಂಪಗಿರಬೇಕು, ದಟ್ಟವಾಗಿರಬೇಕು, ಹಳತಾಗಿರಬೇಕು, ಮೃದುವಾಗಿರಬೇಕು ಎಂದು ಅದರ ಊರಿನಲ್ಲಿ ನಾಲ್ಕು ಲಕ್ಷಣಗಳನ್ನು ಹೇಳುತ್ತಾರೆ. ನನ್ನ ಡಬ್ಬಿಯ ಚಹಾದಲ್ಲಿ ನಾಲ್ಕೂ ಇದ್ದವು.

ಅವರು ಹೇಳುವ ಐದನೆಯ ಲಕ್ಷಣಕ್ಕಾಗಿಯೇ ನಾನು ಇದನ್ನು ಬರೆಯಲು ಕುಳಿತದ್ದು. ಒಳ್ಳೆಯ ಹಳೆಯ ಲಿಯುಬಾವ್‌ಗೆ ಅಡಿಕೆಯ ಪರಿಮಳ ಇರುತ್ತದೆ ಎನ್ನುತ್ತಾರೆ. ಇದು ಇತ್ತೀಚೆಗೆ ವ್ಯಾಪಾರಿಗಳು ಕಟ್ಟಿದ ಮಾತಲ್ಲ. ಛಿಂಗ್ ವಂಶದ ಜಿಯಾಛಿಂಗ್ ದೊರೆಯ ಕಾಲದಲ್ಲಿ, ಅಂದರೆ 1796ರಿಂದ 1820ರ ನಡುವೆ, ಈ ಚಹಾ ಚೀನಾದ ಹೆಸರಾಂತ ಚಹಾಗಳ ಸಾಲಿಗೆ ಸೇರಿದ್ದೇ ಆ ಪರಿಮಳದಿಂದ. ಯಾರೋ ಹೇಳಿದ್ದನ್ನು ನಂಬುವ ಅಗತ್ಯ ಅಡಿಕೆ ಬೆಳೆಗಾರರಾದ ನಮಗಿಲ್ಲ. ಇದೆಯೋ ಇಲ್ಲವೋ ಎಂದು ನಾವೇ ಹೇಳಬಹುದು.

ಇದೆ. ಮೂರನೆಯ ಲೋಟದ ಹೊತ್ತಿಗೆ ಬರುತ್ತದೆ, ಅದೂ ಮೂಸಿದಾಗ ಅಲ್ಲ, ನುಂಗಿ ಬಾಯಿ ಮುಚ್ಚಿ ಉಸಿರು ಬಿಟ್ಟಾಗ. ವರ್ಷ ಕಳೆದ ಚಾಲಿಯನ್ನು ಅಡಕತ್ತರಿಯಲ್ಲಿ ಎರಡು ಹೋಳು ಮಾಡಿ, ಒಳಗಿನ ಬಿಳಿ ಗೆರೆಗಳು ಕಂಡ ಕೂಡಲೇ ಮೂಗಿಗೆ ಹಿಡಿದರೆ ಒಣ ಮರದ, ತುಸು ಸಿಹಿಯಾದ, ಹಿಂದೆಯೇ ಗಂಟಲಿಗೆ ತಂಪು ತಾಗಿಸುವ ಒಂದು ವಾಸನೆ ಬರುತ್ತದೆ. ಅದೇ ಇದು. ಕೆಂಪಡಿಕೆಯದು ಖಂಡಿತ ಅಲ್ಲ. ಬೇಯಿಸಿದ ಅಡಿಕೆಯಲ್ಲಿ ಚೊಗರೇ ಮುಂದೆ ನಿಂತು ಉಳಿದದ್ದನ್ನು ಮುಚ್ಚಿಬಿಡುತ್ತದೆ. ಹಸಿ ಅಡಿಕೆಯದೂ ಅಲ್ಲ. ಚೀನಾದ ದಕ್ಷಿಣದಲ್ಲಿ, ಹೈನಾನ್ ದ್ವೀಪದಲ್ಲಿ ಅಡಿಕೆ ಬೆಳೆಯುತ್ತಾರೆ, ಜಗಿಯುತ್ತಾರೆ; ಆ ಹೆಸರಿಟ್ಟವರಿಗೂ ಅಡಿಕೆ ಗೊತ್ತಿತ್ತು. ನಮ್ಮ ಯಜಮಾನರಿಗೆ ಏನೂ ಹೇಳದೆ ಆ ಮೂರನೆಯ ಲೋಟ ಕೊಟ್ಟೆ. ಕುಡಿದು ಸ್ವಲ್ಪ ಹೊತ್ತು ಸುಮ್ಮನಿದ್ದು, “ಚಾಲಿ ಒಡೆದಿದ್ದೀಯಾ?” ಎಂದು ಕೇಳಿದರು. ಊಟದ ನಂತರದ ಎಲೆಅಡಿಕೆಯನ್ನು ನಾವಿಬ್ಬರೂ ವೈದ್ಯರ ಮಾತಿನಂತೆ ಬಿಟ್ಟಿದ್ದೇವೆ. ಬಿಟ್ಟ ಮೇಲೂ ಬಾಯಿ ಬಯಸುತ್ತಿದ್ದದ್ದು ಆ ವಾಸನೆಯನ್ನು. ಈಗ ಮಧ್ಯಾಹ್ನದ ಊಟವಾದ ಮೇಲೆ ಆ ಜಾಗದಲ್ಲಿ ಈ ಚಹಾ ಇದೆ, ಅದಕ್ಕೆ ನಾನು ಋಣಿ.

ಎಲ್ಲ ಲಿಯುಬಾವ್‌ನಲ್ಲಿಯೂ ಇದು ಸಿಗುವುದಿಲ್ಲ. ಅದೇ ಹುಡುಗ ಕಳಿಸಿದ, ಹೊಸದಾಗಿ ತಯಾರಾದ ಇನ್ನೊಂದು ಪೊಟ್ಟಣದಲ್ಲಿ ಅಡಿಕೆ ಹುಡುಕಿದರೂ ಇರಲಿಲ್ಲ. ಒದ್ದೆ ಮಣ್ಣಿನ ವಾಸನೆ ಮಾತ್ರ. ಅದನ್ನು ಎತ್ತಿಟ್ಟಿದ್ದೇನೆ.

ಈ ಚಹಾ ಇಪೋಗೆ ಹೋದದ್ದು ಹೇಗೆ ಎಂಬುದೂ ತಿಳಿಯಬೇಕಾದ ಸಂಗತಿ. ಲಿಯುಬಾವ್ ಎಂಬುದು ಗುವಾಂಗ್‌ಷಿ ಪ್ರದೇಶದ ವೂಝೌ ನಗರಕ್ಕೆ ಸೇರಿದ ಛಾಂಗ್‌ವೂ ಜಿಲ್ಲೆಯ ಒಂದು ಊರು. ಗುಡ್ಡದಿಂದ ಇಳಿಸಿದ ಚಹಾವನ್ನು ದೊಡ್ಡ ಬಿದಿರಿನ ಬುಟ್ಟಿಗಳಲ್ಲಿ ಅದುಮಿ ತುಂಬಿ, ಹೊಳೆಯ ದೋಣಿಗೇರಿಸಿ, ಷೀ ನದಿಯ ಮೇಲೆ ಗುವಾಂಗ್‌ಝೌಗೆ, ಅಲ್ಲಿಂದ ಹಾಂಗ್‌ಕಾಂಗ್, ಅಲ್ಲಿಂದ ಹಡಗಿನಲ್ಲಿ ಮಲಯಾಕ್ಕೆ ಒಯ್ಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಇಪೋ ಸುತ್ತಲಿನ ಕಿಂತಾ ಕಣಿವೆಯಲ್ಲಿ ತವರದ ಗಣಿಗಳು ಎದ್ದವು. ದಕ್ಷಿಣ ಚೀನಾದಿಂದ ಸಾವಿರಾರು ಕೂಲಿಗಳು ಬಂದರು. ಸುಡುವ ಸೆಖೆ, ಕಾಲಡಿ ಸದಾ ನೀರು, ಕೆಸರು. ಮೈಯ ಕಾವನ್ನೂ ತೇವವನ್ನೂ ತೆಗೆಯುತ್ತದೆಂಬ ನಂಬಿಕೆಯಿಂದ ಗಣಿಗಳಲ್ಲಿ ಕೂಲಿಗಳಿಗೆ ಲಿಯುಬಾವ್ ಕುದಿಸಿ ಕೊಡುತ್ತಿದ್ದರು. ದುಬಾರಿ ಚಹಾ ಆಗಿರಲಿಲ್ಲ ಅದು, ಬೆವರು ಸುರಿಸುವವರ ಚಹಾ. 1985ರಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ತವರದ ಬೆಲೆ ಕುಸಿದು ಗಣಿಗಳು ಒಂದೊಂದಾಗಿ ಮುಚ್ಚಿದವು. ಹಳೆಯ ದಾಸ್ತಾನಿನಲ್ಲಿ ಉಳಿದ ಬುಟ್ಟಿಗಳೇ ಇಂದು ಸಂಗ್ರಹಕಾರರು ಹುಡುಕಿಕೊಂಡು ಹೋಗುವ ಮಾಲು. ಕೂಲಿಯವರು ಕುಡಿದ ಚಹಾ ಇವತ್ತು ಸಿರಿವಂತರ ಬೀರುವಿನಲ್ಲಿ ಕೂತಿರುವುದು ನನಗೆ ಹಿಡಿಸುವುದಿಲ್ಲ. ಅದಕ್ಕೇ ಹತ್ತು ಹನ್ನೆರಡು ವರ್ಷದ, ಕೈಗೆಟುಕುವ ಬೆಲೆಯ ಡಬ್ಬಿಯನ್ನೇ ಕೊಳ್ಳಿ ಎನ್ನುತ್ತೇನೆ.

ಈಗ ತಯಾರಿಕೆ. ನಾವು ದಿನವೂ ಕುಡಿಯುವ ಚಹಾಪುಡಿಯ ಎಲೆ ಕಪ್ಪಾಗುವುದು ಎಲೆಯೊಳಗಿನ ಕಿಣ್ವ ಗಾಳಿಯ ಜೊತೆ ಸೇರಿ. ಅಲ್ಲಿ ಸೂಕ್ಷ್ಮಜೀವಿಗಳ ಪಾತ್ರ ಇಲ್ಲವೆಂದೇ ಹೇಳಬಹುದು. ಲಿಯುಬಾವ್, ಪೂಅರ್ ಬೇರೆ ಕುಲದವು. ಎಲೆಯನ್ನು ಬಾಣಲೆಯಲ್ಲಿ ಹುರಿದು, ಹೊಸೆದು, ಒಣಗಿಸಿದ ಮೇಲೆ ಶಿಲೀಂಧ್ರ, ಯೀಸ್ಟ್, ಬ್ಯಾಕ್ಟೀರಿಯಾಗಳಿಗೆ ಬಿಟ್ಟುಕೊಡುತ್ತಾರೆ. ಕಾರ್ಖಾನೆಯ ವಿಧಾನದಲ್ಲಿ ಎಲೆಯನ್ನು ರಾಶಿ ಹಾಕಿ, ನೀರು ಚಿಮುಕಿಸಿ, ಬಟ್ಟೆ ಹೊದಿಸಿ ಬಿಡುತ್ತಾರೆ. ಕೊಟ್ಟಿಗೆ ಗೊಬ್ಬರದ ರಾಶಿಯೊಳಗೆ ಕೈ ಹಾಕಿದಾಗ ತಾಗುವಂಥದ್ದೇ ಬಿಸಿ ಆ ರಾಶಿಯ ಒಳಗೂ ಹುಟ್ಟುತ್ತದೆ, 50ರಿಂದ 60 ಡಿಗ್ರಿಯವರೆಗೆ. ಅತಿಯಾದರೆ ಎಲೆ ಸುಟ್ಟು ಇದ್ದಿಲಿನಂತಾಗುತ್ತದೆ, ಕಡಿಮೆಯಾದರೆ ಹುಳಿ ಬರುತ್ತದೆ. ಆದ್ದರಿಂದ ಆಗಾಗ ರಾಶಿಯನ್ನು ಮಗುಚುತ್ತಿರಬೇಕು. ಪೂಅರ್‌ಗೆ ಇದು ಸುಮಾರು 45ರಿಂದ 60 ದಿನ ನಡೆಯುತ್ತದೆ. ಈ ಅವಧಿಯಲ್ಲಿ ಎಲೆಯ ಒಗರಿಗೆ ಕಾರಣವಾದ ಕ್ಯಾಟೆಚಿನ್‌ಗಳು ಕರಗಿ, ಕೆಂಪುಗಂದು ಬಣ್ಣದ ಥಿಯಾಬ್ರೌನಿನ್‌ಗಳು ಹುಟ್ಟುತ್ತವೆ. ಲೋಟದ ಬಣ್ಣ, ನುಣುಪು ಎರಡಕ್ಕೂ ಮೂಲ ಇಲ್ಲಿದೆ. ಲಿಯುಬಾವ್ ಆದರೆ ಆಮೇಲೆ ಮತ್ತೆ ಹಬೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಬುಟ್ಟಿಗೆ ಅದುಮಿ, ತಂಪು ತೇವದ ಉಗ್ರಾಣದಲ್ಲಿ ಇಟ್ಟು, ಅನಂತರ ಒಣ ಉಗ್ರಾಣಕ್ಕೆ ಸಾಗಿಸುತ್ತಾರೆ.

ಹಳ್ಳಿಯ ರೈತರ ಪದ್ಧತಿ ಇನ್ನೂ ಸರಳ: ಬಲಿತ ಎಲೆಯನ್ನು ಕುದಿನೀರಿನಲ್ಲಿ ಅದ್ದಿ ತೆಗೆದು, ಒಣಗಿಸಿ, ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟುಬಿಡುವುದು. ಇದನ್ನು ಓದಿದಾಗ ನಮ್ಮ ಅಡಿಕೆಯ ಹಂಡೆ, ನಮ್ಮ ಅಟ್ಟ ಎದುರಿಗೆ ಬಂದು ನಿಂತವು. 2022ರಲ್ಲಿ ಯುನೆಸ್ಕೊ ಚೀನಾದ ಸಾಂಪ್ರದಾಯಿಕ ಚಹಾ ತಯಾರಿಕೆಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲಿ ಲಿಯುಬಾವ್ ತಯಾರಕರ ಕೌಶಲವೂ ಇದೆ. ನ್ಯಾಯವಾದ ಗೌರವ.

ಪೂಅರ್‌ಗೆ ಬರೋಣ. 7572 ಬಿಲ್ಲೆ ಅಂಗೈಗಿಂತ ದೊಡ್ಡದು, ತೂಕ 357 ಗ್ರಾಂ. ಏಳು ಬಿಲ್ಲೆಗಳನ್ನು ಒಟ್ಟಿ ಬಿದಿರಿನ ಹಾಳೆಯಲ್ಲಿ ಕಟ್ಟುವುದು ಅಲ್ಲಿಯ ರೂಢಿ, ಏಳಕ್ಕೆ ಎರಡೂವರೆ ಕಿಲೋ. ಸಂಖ್ಯೆಯನ್ನು ಓದಲು ಕಲಿತರೆ ಕೊಳ್ಳುವಾಗ ಅನುಕೂಲ: 75 ಎಂದರೆ ಆ ಮಿಶ್ರಣ 1975ರದ್ದು, 7 ಎಂಬುದು ಎಲೆಯ ದರ್ಜೆ, ಕೊನೆಯ 2 ಮೆಂಗ್‌ಹಾಯ್ ಕಾರ್ಖಾನೆ. ಕೊನೆಯಲ್ಲಿ 1 ಇದ್ದರೆ ಕುನ್‌ಮಿಂಗ್, 3 ಇದ್ದರೆ ಷಿಯಾಗ್ವಾನ್. ಆ 75 ತಯಾರಾದ ವರ್ಷ ಎಂದು ಯಾರಾದರೂ ಹೇಳಿದರೆ ಅವರಿಂದ ಕೊಳ್ಳಬೇಡಿ. ತಯಾರಾದ ದಿನಾಂಕ ಕಾಗದದ ಹಿಂಬದಿಯಲ್ಲಿ ಬೇರೆಯಾಗಿ ಇರುತ್ತದೆ.

ರುಚಿ ಲಿಯುಬಾವ್‌ಗಿಂತ ದಪ್ಪ. ಬಣ್ಣ ಕೆಂಪಿಗಿಂತ ಕಪ್ಪಿನ ಕಡೆಗೆ. ಒಣ ಖರ್ಜೂರದ ಸಿಹಿ, ಅದರಡಿಯಲ್ಲಿ ಮಳೆ ಬಿದ್ದ ಕಾಡಿನ ತರಗೆಲೆಯ ವಾಸನೆ. ಆರೇಳು ಸಲ ನೀರು ಹೊಯ್ದರೂ ಸೋಲುವುದಿಲ್ಲ. ಎಂಟನೆಯ ಸಲ ಎಲೆಯನ್ನು ಪಾತ್ರೆಯಲ್ಲಿಯೇ ಕುದಿಸಿದರೆ ಮತ್ತೊಂದು ಒಳ್ಳೆಯ ಲೋಟ ಸಿಗುತ್ತದೆ. ಆದರೆ ಗಂಟಲಿನ ತಂಪು ಇಲ್ಲ, ಅಡಿಕೆಯಂತೂ ಇಲ್ಲ. ಕಾಫಿಗೆ ಒಗ್ಗಿದ ನಾಲಿಗೆಗೆ ಇದು ಬೇಗ ಹಿಡಿಸುತ್ತದೆ. ಕಾಫಿ ಇಲ್ಲದೆ ಬೆಳಗಾಗದ ನಮ್ಮ ಭಾವನವರೂ ಇದನ್ನು ಕೇಳಿ ಹಾಕಿಸಿಕೊಂಡರು, ಬೆಲ್ಲವನ್ನೂ ಕೇಳಲಿಲ್ಲ.

ಇದರ ಊರು ಚೀನಾದ ಯುನ್ನಾನ್ ಪ್ರಾಂತ್ಯ. ಗಿಡ ದೊಡ್ಡ ಎಲೆಯ ಜಾತಿ, ನಮ್ಮ ಅಸ್ಸಾಮಿನ ಚಹಾದ ಜಾತಿಯೇ. ಅಲ್ಲಿಯ ಜಿಂಗ್‌ಮಾಯ್ ಬೆಟ್ಟದ ಹಳೆಯ ಚಹಾ ಕಾಡುಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ, ನಮ್ಮ ಪಶ್ಚಿಮ ಘಟ್ಟ 2012ರಲ್ಲಿ ಸೇರಿದ ಪಟ್ಟಿ ಅದು. ಬುಲಾಂಗ್ ಮತ್ತು ದಾಯ್ ಜನ ಅಲ್ಲಿ ಎತ್ತರದ ಮರಗಳನ್ನು ಉಳಿಸಿಕೊಂಡು ಅವುಗಳ ನೆರಳಿನಲ್ಲಿಯೇ ಶತಮಾನಗಳಿಂದ ಚಹಾ ಬೆಳೆಸಿದ್ದಾರೆ. ಸೊಪ್ಪಿನ ಬೆಟ್ಟ ಬೋಳಾದರೆ ತೋಟ ಉಳಿಯುವುದಿಲ್ಲ ಎಂಬುದನ್ನು ಕಂಡ ನಮಗೆ ಅವರ ಜಾಣತನ ವಿವರಿಸಿ ಹೇಳಬೇಕಾಗಿಲ್ಲ.

ಬಿಲ್ಲೆ, ಇಟ್ಟಿಗೆ, ಬಟ್ಟಲಿನ ಆಕಾರಕ್ಕೆ ಚಹಾವನ್ನು ಅದುಮುವುದು ಹೇಸರಗತ್ತೆಗಳ ಬೆನ್ನಿಗಾಗಿ. ಯುನ್ನಾನ್‌ನಿಂದ ಟಿಬೆಟಿನ ಲ್ಹಾಸಾವರೆಗೆ ಬೆಟ್ಟದ ದಾರಿ. ಹೋಗುವಾಗ ಚಹಾ, ಬರುವಾಗ ಕುದುರೆ, ಉಣ್ಣೆ, ಔಷಧಿ. ತರಕಾರಿ ಅಪರೂಪವಾದ ಆ ಎತ್ತರದ ನಾಡಿನವರಿಗೆ ಬೆಣ್ಣೆ, ಉಪ್ಪು ಹಾಕಿದ ಚಹಾ ಊಟದ ಭಾಗ. ತಿಂಗಳುಗಟ್ಟಲೆ ಮಳೆ, ಬಿಸಿಲು, ಪ್ರಾಣಿಯ ಬೆವರು ತಾಗಿದ ಎಲೆ ದಾರಿಯಲ್ಲಿಯೇ ಬದಲಾಗುತ್ತಿತ್ತು. 1729ರಲ್ಲಿ ಯೊಂಗ್‌ಝೆಂಗ್ ದೊರೆ ಪೂಅರ್ ಎಂಬ ಆಡಳಿತ ವಿಭಾಗವನ್ನು ಸ್ಥಾಪಿಸಿದ ಮೇಲೆ ಇಲ್ಲಿಯ ಚಹಾ ಬೀಜಿಂಗ್ ಅರಮನೆಗೆ ಕಪ್ಪವಾಗಿ ಹೋಗತೊಡಗಿತು.

ಹಳತನ್ನೇ ಬೇಕೆಂದು ಕುಡಿಯುವ ಅಭ್ಯಾಸವನ್ನು ಬೆಳೆಸಿದ್ದು ಮುಖ್ಯವಾಗಿ ಹಾಂಗ್‌ಕಾಂಗ್. ಅಲ್ಲಿಯ ಚಹಾ ಅಂಗಡಿಗಳಲ್ಲಿ ಹಬೆಯಲ್ಲಿ ಬೆಂದ ಕಡುಬುಗಳ ಜೊತೆ ಇದನ್ನು ಕುಡಿಯುತ್ತಾರೆ. ಹೊಸ ಪೂಅರ್ ಕಹಿ, ಹೊಟ್ಟೆಗೆ ಚುರುಕು. ಅದಕ್ಕಾಗಿ ಸಮುದ್ರದ ತೇವವಿರುವ ಉಗ್ರಾಣಗಳಲ್ಲಿ ವರ್ಷಗಟ್ಟಲೆ ಇಟ್ಟು ಪಳಗಿಸಿದರು. ಬೇಡಿಕೆ ಹೆಚ್ಚಿತು, ಕಾಯಲು ಸಮಯವಿಲ್ಲ. 1973ರಲ್ಲಿ ಕುನ್‌ಮಿಂಗ್ ಕಾರ್ಖಾನೆಯ ವೂ ಛೀಯಿಂಗ್, ಮೆಂಗ್‌ಹಾಯ್ ಕಾರ್ಖಾನೆಯ ಝೌ ಬಿಂಗ್‌ಲಿಯಾಂಗ್ ಮೊದಲಾದವರು ಗುವಾಂಗ್‌ಡಾಂಗ್‌ನ ಪ್ರಯೋಗಗಳನ್ನು ನೋಡಿ ಬಂದು, ನಾನು ಮೇಲೆ ಹೇಳಿದ ರಾಶಿ ಹಾಕುವ ವಿಧಾನವನ್ನು ಯುನ್ನಾನ್ ಎಲೆಗೆ ಒಗ್ಗಿಸಿದರು. ಹೀಗೆ ಆದದ್ದು ಶೌ, ಅಂದರೆ ಮಾಗಿಸಿದ ಪೂಅರ್. 7572 ಈ ಬಗೆಯದು. ತಾನಾಗಿ ಮಾಗಲೆಂದು ಹಾಗೆಯೇ ಬಿಟ್ಟದ್ದು ಶೆಂಗ್, ಹಸಿ ಪೂಅರ್. ಕೊಳ್ಳುವಾಗ ಯಾವುದೆಂದು ಕೇಳಿಯೇ ಕೊಳ್ಳಿ. ಹೊಸ ಶೆಂಗ್ ಹಸಿರು ಚಹಾದ ಹತ್ತಿರದ ರುಚಿ. ನೀವು ಕಡುಬಣ್ಣದ, ಮಾಗಿದ ಚಹಾ ಬಯಸಿ ಅದನ್ನು ತರಿಸಿದರೆ ನಿರಾಶೆಯಾಗುತ್ತದೆ.

ಮೂರನೆಯದು, ಇಪ್ಪತ್ತೈದು ವರ್ಷ ಹಳೆಯದೆಂದು ಹೇಳಿದ ಶೆಂಗ್ ಚೂರು. ಮಾರಿದವರ ಹೆಸರು ಇಲ್ಲಿ ಬೇಡ. ಪೊಟ್ಟಣ ಬಿಚ್ಚಿದ ಕೂಡಲೇ ಆಗಸ್ಟ್ ತಿಂಗಳಿನಲ್ಲಿ ಗೋಡೆಗೆ ತಾಗಿಸಿಟ್ಟ ಅಡಿಕೆ ಚೀಲದ ವಾಸನೆ. ತೊಳೆದರೂ ಹೋಗಲಿಲ್ಲ, ಗಂಟಲಿಗೆ ಕೆರೆತ. ಎಲೆ ಬಿಡಿಸಿ ನೋಡಿದರೆ ಒಳಪದರದಲ್ಲಿ ಬೂದು ಹಸಿರು ಪುಡಿ. ಚೆಲ್ಲಿದೆ. ಅದಕ್ಕೆ ಕೊಟ್ಟ ಹಣದಲ್ಲಿ ಇಡೀ 7572 ಬಿಲ್ಲೆ ಬಂದು ಮೇಲೆ ಉಳಿಯುತ್ತಿತ್ತು. ಹಳತು ಎಂಬುದಕ್ಕೆ ಸಾಕ್ಷಿ ಇಲ್ಲ. ಕಾಗದದ ಮೇಲೆ ಯಾವ ಇಸವಿಯನ್ನಾದರೂ ಅಚ್ಚು ಹಾಕಬಹುದು, ತೇವದಲ್ಲಿ ಇಟ್ಟು ಎಲೆಯ ಬಣ್ಣವನ್ನು ಬೇಗ ಕಪ್ಪಾಗಿಸಬಹುದು. ಚೀನಾದಲ್ಲಿಯೇ ಹಳೆಯ ಪೂಅರ್ ಎಂದರೆ ಚಿನ್ನವೆಂದು ಜನ ಮುಗಿಬಿದ್ದು ಕೊಂಡು, ಬೆಲೆ ಮೇಲೇರಿ ಏರಿ, 2007ರಲ್ಲಿ ನೆಲಕಚ್ಚಿತು. ಅಡಿಕೆ ಧಾರಣೆಯ ಏರಿಳಿತದಲ್ಲಿ ಬದುಕು ಕಟ್ಟಿಕೊಂಡವರು ಆ ದಾರಿ ಹಿಡಿಯಬಾರದು. ಕುಡಿಯಲು ಕೊಳ್ಳಿ, ಮಾರಲು ಕೊಳ್ಳಬೇಡಿ.

ಮಾಡುವ ಬಗೆಗೆ ವಿಶೇಷ ಸಾಮಾನು ಬೇಡ. ಬಿಲ್ಲೆ ಕಲ್ಲಿನಷ್ಟು ಗಟ್ಟಿ. ಚಾಕುವಿನಿಂದ ಕೆತ್ತಿದರೆ ಎಲೆ ಪುಡಿಯಾಗುತ್ತದೆ, ಕೈಯೂ ಕುಯ್ಯುತ್ತದೆ. ನಾನು ಗೋಣಿಚೀಲ ಹೊಲಿಯುವ ದಬ್ಬಣವನ್ನು ತೊಳೆದು ಒರೆಸಿ ಬಳಸುತ್ತೇನೆ. ಅಂಚಿನಿಂದ ಅಡ್ಡಲಾಗಿ ತೂರಿಸಿ ಮೆಲ್ಲಗೆ ಎತ್ತಿದರೆ ಪದರ ಪದರವಾಗಿ ಬಿಡುತ್ತದೆ. ಒಮ್ಮೆಗೆ 5 ಗ್ರಾಂ, ಸುಮಾರು 120 ಮಿಲಿಲೀಟರ್ ಹಿಡಿಯುವ ಪಿಂಗಾಣಿ ಪಾತ್ರೆ, ಮಗ್ಗುಲಲ್ಲಿ ಒಂದು ಸೋಸುಕ. ನೀರು ಮಾತ್ರ ಕೊತಕೊತ ಕುದಿಯಬೇಕು. ಹಾಲು ಹಾಕಬೇಡಿ, ಅದಕ್ಕೆ ನಮ್ಮ ಅಸ್ಸಾಂ ಪುಡಿಯೇ ಚೆಂದ.

ನೀರಿನ ವಿಷಯದಲ್ಲಿ ನಾವು ಪುಣ್ಯವಂತರು. ಗುಡ್ಡದ ಅಬ್ಬಿ ನೀರಿನಲ್ಲಿ ಮಾಡಿದ ಲಿಯುಬಾವ್‌ಗೂ ಶಿವಮೊಗ್ಗದ ಮಗಳ ಮನೆಯ ಕೊಳವೆಬಾವಿ ನೀರಿನಲ್ಲಿ ಮಾಡಿದ್ದಕ್ಕೂ ಇರುವ ಅಂತರವನ್ನು ಯಾರು ಬೇಕಾದರೂ ಗುರುತಿಸಬಹುದು. ಗಡಸು ನೀರಿನಲ್ಲಿ ಬಣ್ಣ ಮಂಕಾಗಿ, ಮೇಲೆ ತೆಳುವಾದ ಪೊರೆ ಕಟ್ಟುತ್ತದೆ, ಪರಿಮಳ ಏಳುವುದೇ ಇಲ್ಲ. ಪೇಟೆಯಲ್ಲಿರುವವರು ಶುದ್ಧೀಕರಿಸಿದ ನೀರನ್ನು ಬಳಸಿ.

ಯಾವುದರ ಜೊತೆ ಚೆಂದ ಎಂದರೆ ಪತ್ರೊಡೆ, ತೆಂಗಿನೆಣ್ಣೆಯಲ್ಲಿ ಕರಿದ ಹಲಸಿನ ಹಪ್ಪಳ, ತುಪ್ಪ ಹಾಕಿದ ಕಡುಬು. ಎಣ್ಣೆಯ ಜಿಡ್ಡನ್ನು ಬಾಯಿಯಿಂದ ತೊಳೆದುಬಿಡುತ್ತದೆ. ಸಿಹಿತಿಂಡಿಯ ಜೊತೆ ಬೇಡ, ಚಹಾದ ಸಿಹಿ ಸತ್ತುಹೋಗುತ್ತದೆ.

ಔಷಧಿಯೆಂದು, ಬೊಜ್ಜು ಕರಗಿಸುತ್ತದೆಂದು ಮಾರುವವರ ಮಾತಿಗೆ ಕಿವಿಗೊಡಬೇಡಿ. ಇದು ಚಹಾ, ಕೆಫೀನ್ ಇದರಲ್ಲಿಯೂ ಇದೆ. ನಿದ್ದೆ ಸೂಕ್ಷ್ಮವಾಗಿರುವವರು ಸಂಜೆಯ ಮೇಲೆ ಕುಡಿಯದಿರುವುದು ಒಳ್ಳೆಯದು.

ಇನ್ನು ಇಡುವ ವಿಚಾರ. ಮಲೆನಾಡಿನವರಿಗೆ ಇದೇ ಮುಖ್ಯ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಜುಲೈಯಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ. ಈ ಚಹಾಕ್ಕೆ ಬೇಕಾದ ತೇವಾಂಶ ನೂರಕ್ಕೆ 60ರಿಂದ 75, ಉಷ್ಣತೆ 20ರಿಂದ 30 ಡಿಗ್ರಿ. ತೀರಾ ಒಣಗಿದ್ದರೆ ಎಲೆ ಮಾಗುವುದಿಲ್ಲ, 80 ದಾಟಿದರೆ ಬೂಷ್ಟು ಕಾದಿರುತ್ತದೆ. ಸಣ್ಣ ತೇವಾಂಶ ಮಾಪಕ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಒಂದನ್ನು ತಂದಿಟ್ಟುಕೊಳ್ಳಿ. ನಾನು ಅಕ್ಟೋಬರ್‌ನಿಂದ ಮೇವರೆಗೆ ಚಹಾವನ್ನು ಬಣ್ಣ ಹಚ್ಚದ, ಚೆನ್ನಾಗಿ ಒಣಗಿದ ಮಣ್ಣಿನ ಗಡಿಗೆಯಲ್ಲಿ, ಬಾಯಿಗೆ ಹತ್ತಿಬಟ್ಟೆ ಕಟ್ಟಿ ಇಡುತ್ತೇನೆ; ಗಾಳಿ ತುಸು ಆಡಬೇಕು. ಮುಂಗಾರು ಹಿಡಿಯುವ ಮೊದಲು, ಬಿಸಿಲಿರುವ ದಿನ ನೋಡಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ ಗೋಡೆಯಿಂದ ದೂರ ಮರದ ಹಲಗೆಯ ಮೇಲೆ ಇಡುತ್ತೇನೆ. ಮಳೆಗಾಲದಲ್ಲಿ ಕುಡಿಯುವಷ್ಟನ್ನು ಬೇರೆ ಸಣ್ಣ ಡಬ್ಬಿಯಲ್ಲಿ ತೆಗೆದಿಟ್ಟರೆ ದೊಡ್ಡದನ್ನು ಪದೇ ಪದೇ ತೆರೆಯುವ ಪ್ರಮೇಯವಿಲ್ಲ. ಸೆಪ್ಟೆಂಬರ್ ಕಳೆದ ಮೇಲೆ ಮತ್ತೆ ಗಡಿಗೆಗೆ. ಬಿಸಿಲಿಗೆ ಮಾತ್ರ ಎಂದೂ ಹರವಬಾರದು, ಅಡಿಕೆಯ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಬಿಸಿಲು ಪರಿಮಳವನ್ನು ಕೊಲ್ಲುತ್ತದೆ.

ಚಹಾ ಅಕ್ಕಪಕ್ಕದ ವಾಸನೆಯನ್ನೆಲ್ಲ ಹೀರುತ್ತದೆ. ಏಲಕ್ಕಿ, ಕಾಳುಮೆಣಸು, ಅಡಿಕೆ ಚೀಲ, ನುಸಿಗುಳಿಗೆ ಹಾಕಿದ ಬೀರು, ದೇವರ ಮನೆಯ ಊದುಬತ್ತಿ, ಇವುಗಳಿಂದ ದೂರವಿಡಿ. ಅಡಿಕೆಯ ಪರಿಮಳ ಬೇಕೆಂದು ಅಡಿಕೆಯ ಜೊತೆ ಇಟ್ಟರೆ ಬರುವುದಿಲ್ಲ. ಅದು ಎಲೆಯೊಳಗೇ ಹುಟ್ಟಬೇಕು. ಸೌದೆ ಒಲೆಯ ಮೇಲಿನ ಅಟ್ಟವೂ ಬೇಡ. ಲಿಯುಬಾವ್‌ನ ರೈತರು ಹಾಗೆ ಇಡುತ್ತಾರೆ ಎಂದೆನಲ್ಲ, ಅದು ಅವರ ಹೊಗೆ, ಅವರ ಎಲೆ. ನಮ್ಮ ಒಲೆಯಲ್ಲಿ ತೆಂಗಿನ ಮಟ್ಟೆ, ಅಡಿಕೆ ಸಿಪ್ಪೆ ಎರಡೂ ಉರಿಯುತ್ತವೆ; ಆ ಹೊಗೆ ಕಟು. ಎಲೆಯ ಮೇಲೆ ನಯವಾದ ಹೊಳಪು ಇದ್ದರೆ ಚಿಂತೆಯಿಲ್ಲ. ಬಿಳಿ, ಹಸಿರು, ಕಪ್ಪು ತುಪ್ಪಳ ಕಂಡರೆ, ಮುಗ್ಗುಲು ವಾಸನೆ ಬಂದರೆ ಎಷ್ಟೇ ದುಬಾರಿಯಾದರೂ ಕುಡಿಯದೆ ಎಸೆಯಿರಿ. ಇದಕ್ಕೆ ಹೊರತಾದದ್ದು ಹುನಾನ್ ಪ್ರಾಂತ್ಯದ ಫೂಝುವಾನ್ ಇಟ್ಟಿಗೆ. ಅದರಲ್ಲಿ ಹೊಂಬಣ್ಣದ ಚುಕ್ಕೆಯ ಶಿಲೀಂಧ್ರವನ್ನು ಬೇಕೆಂದೇ ಬೆಳೆಸುತ್ತಾರೆ. ಅದನ್ನು ನಾನಿನ್ನೂ ಕುಡಿದಿಲ್ಲ.

ದುಡ್ಡಿನ ಲೆಕ್ಕ. ಹೊರದೇಶದ ಚಹಾಕ್ಕೆ ನಮ್ಮಲ್ಲಿ ಸುಂಕ ಭಾರಿ, ಆದ್ದರಿಂದ ಮಲೇಷ್ಯಾದ ಬೆಲೆಗೂ ಇಲ್ಲಿಯ ಬೆಲೆಗೂ ಅಜಗಜಾಂತರ. 7572 ಬಿಲ್ಲೆ ಅಂಚೆ ವೆಚ್ಚ ಸೇರಿ ನಾಲ್ಕು ಸಾವಿರದ ಆಸುಪಾಸು ಬಂತು. ಕೇಳಿದರೆ ಎದೆ ಹಾರುತ್ತದೆ. ಆದರೆ 5 ಗ್ರಾಂನಂತೆ 357 ಗ್ರಾಂ ಎಪ್ಪತ್ತು ಸಲಕ್ಕೆ ಬರುತ್ತದೆ, ಪ್ರತಿ ಸಲ ಇಬ್ಬರಿಗೆ ಮೂರು ಮೂರು ಲೋಟ. ಹಾಗೆ ನೋಡಿದರೆ ಲೋಟಕ್ಕೆ ಹತ್ತು ರೂಪಾಯಿಯೂ ಆಗಲಿಲ್ಲ, ತೀರ್ಥಹಳ್ಳಿ ಬಸ್ ನಿಲ್ದಾಣದ ಚಹಾದ ಬೆಲೆಗಿಂತ ಹೆಚ್ಚಲ್ಲ.

ಶಿವಮೊಗ್ಗದ ಅಂಗಡಿಗಳಲ್ಲಿ ಈ ಎರಡೂ ನನಗೆ ಸಿಕ್ಕಿಲ್ಲ. ತರಿಸುವುದಾದರೆ ದೀಪಾವಳಿ ಕಳೆದ ಮೇಲೆ, ಫೆಬ್ರವರಿಯೊಳಗೆ ತರಿಸಿ. ಮಳೆಯಲ್ಲಿ ಬಂದ ಪಾರ್ಸೆಲ್ ದಾರಿಯಲ್ಲಿಯೇ ತೇವ ಕುಡಿದಿರುತ್ತದೆ. ಮೊದಲು 50 ಗ್ರಾಂ ಸಾಕು. ಮಾರುವವರು ಎಲ್ಲಿ ಇಟ್ಟಿದ್ದರು, ಒಣ ಉಗ್ರಾಣವೋ ತೇವದ್ದೋ ಎಂದು ಕೇಳಿ. ನೇರ ಉತ್ತರ ಕೊಟ್ಟವರಿಂದ ದೊಡ್ಡ ಡಬ್ಬಿ ತರಿಸಿ ಅರ್ಧ ಕುಡಿಯಿರಿ, ಉಳಿದರ್ಧವನ್ನು ಗಡಿಗೆಗೆ ಹಾಕಿ ಹೊರಗೆ ದಿನಾಂಕ ಬರೆದಿಡಿ.